ಉಳಿಯ ಹದ



ಅಗ್ರಹಾರದ ನಮ್ಮ ಭಾನುವಾರದ ಓದಿಗೆ ಬರುತ್ತಿದ್ದ ಒಬ್ಬ ತಮ್ಮ ಮೂರು ವಾರದಿಂದ ಕಾಣುತ್ತಿಲ್ಲ. ಮದುವೆಯೊಂದರಲ್ಲಿ ಕುಡಿದಿದ್ದನ್ನು ತಾನೇ ಬಂದು ಹೇಳಿಕೊಂಡಿದ್ದ. ಪಂಚಶೀಲ ತೆಗೆದುಕೊಂಡವನು ಹೀಗೆ ಮಾಡಬಹುದೇ ಎಂದು ಎಲ್ಲರೂ ಸೇರಿ ತರಾಟೆಗೆ ತೆಗೆದುಕೊಂಡೆವು. ನಾನೂ ಬಿಡಲಿಲ್ಲ.

ಮೊನ್ನೆ ಬೇರೆ ಕೆಲಸಕ್ಕೆಂದು ಚನ್ನಪಟ್ಟಣಕ್ಕೆ ಹೋದವನು ಬೊಂಬೆ ಮಾಡುವ ಹಿರಿಯರೊಬ್ಬರ ಬಳಿ ಕೂತಿದ್ದೆ. ಹಾಲೆ ಮರದ ತುಂಡು ಲೇತಿನಲ್ಲಿ ತಿರುಗುತ್ತಿತ್ತು. ದೋಣಿಯಂತೆ ತೋಡಿದ ಉಳಿ ಮೊಂಡಾಗುತ್ತಿದ್ದಂತೆ ಬೆಲ್ಟ್ ಸಾಣೆಗೆ ಹಿಡಿಯುತ್ತಿದ್ದರು. ಅದಕ್ಕೆ ಮೊದಲು ಉಳಿಯ ಬಾಯಿಯ ಇಳಿಜಾರಿಗೆ ಸ್ಕೆಚ್ ಪೆನ್ನಿನ ಮಸಿ ಬಳಿದು, ಬೆಲ್ಟನ್ನು ಕೈಯಲ್ಲೇ ಸ್ವಲ್ಪ ಎಳೆದು ನೋಡುತ್ತಿದ್ದರು. ಮಸಿ ಬಾಯಿಯವರೆಗೂ ಅಳಿದರೆ ಸರಿ. ಹಿಂದೆ ಮಾತ್ರ ಅಳಿದರೆ ಕೋನ ತಪ್ಪಿದೆ. ಎಷ್ಟು ಉಜ್ಜಿದರೂ ಹರಿತ ಬಾರದು, ಉಕ್ಕು ಸವೆಯುತ್ತದೆ ಅಷ್ಟೆ. ಕೋನ ಕೂಡಿದ ಮೇಲೆ ಉಳಿಯನ್ನು ಹೊರಳಿಸುತ್ತಾ ಎರಡು ಮೂರು ಕ್ಷಣ ತಾಗಿಸುವುದು. (ಆಯುಧಪೂಜೆಗೆ ಉಳಿಗೆ ಕುಂಕುಮ ಹಚ್ಚಿದವರೂ ಮರುದಿನ ಸಾಣೆ ಹಿಡಿಯಲೇಬೇಕು, ಅದು ಬೇರೆ ಮಾತು.)

"ಒತ್ತಿ ಹಿಡಿದ್ರೆ ಬೇಗ ಆಗಲ್ವಾ?" ಅಂದೆ. ಮೂಲೆಯಲ್ಲಿದ್ದ ಹಳೇ ಉಳಿ ತೋರಿಸಿದರು. ತುದಿ ನೀಲಿಯಾಗಿತ್ತು. "ಕಾದು ಹದ ಹೋಯ್ತು ಸಾರ್. ನೋಡೋಕೆ ಚೂಪು, ಮರ ಮುಟ್ಟಿದ್ರೆ ಬಾಯಿ ನಿಲ್ಲಲ್ಲ."

ಬಸ್ಸಿನಲ್ಲಿ ಬರುವಾಗ ಆ ತಮ್ಮನ ಮುಖವೇ ಕಣ್ಣಮುಂದೆ ಬಂತು.

ಹಾಗಾದರೆ ತಪ್ಪನ್ನು ತಪ್ಪೆನ್ನದೆ ಬಿಡಬೇಕಿತ್ತೇ? ಇಲ್ಲ. ಕುಡಿತ ನಮ್ಮ ಎಷ್ಟು ಮನೆಗಳನ್ನು ತಿಂದಿದೆ ಎಂದು ನಮಗೆ ಯಾರೂ ಹೇಳಬೇಕಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟೆನೆಂಬುದೂ ಒಂದು. ಆದರೆ ಮಸಿ ಎಲ್ಲಿ ಅಳಿದಿದೆ ಎಂದು ಅವನೇ ಬಂದು ತೋರಿಸಿದ್ದ. ಯಾರ ಜೊತೆಯಲ್ಲಿ, ಯಾವ ಸಂಕಟದಲ್ಲಿ ಕೈಗೆ ಗ್ಲಾಸು ಬಂತು ಎಂದು ನಾವೊಬ್ಬರೂ ಕೇಳಲಿಲ್ಲ. ಬರೀ ಒತ್ತಿ ಹಿಡಿದೆವು.

ಸಂಯುತ್ತ ನಿಕಾಯದಲ್ಲಿ ಭಗವಾನ್ ಬುದ್ಧರು ಬಡಗಿಯ ಬಾಚಿಯ ಹಿಡಿಯ ಮಾತು ತೆಗೆಯುತ್ತಾರೆ. ಹಿಡಿ ಸವೆದು ಬೆರಳಿನ ಗುರುತು ಮೂಡಿರುತ್ತದೆ, ಆದರೆ ಇವತ್ತು ಎಷ್ಟು ಸವೆಯಿತೆಂದು ಬಡಗಿಗೂ ತಿಳಿಯದು. ಮನಸ್ಸಿನ ಕೊಳೆ ಕಳೆಯುವುದೂ ಹಾಗೆಯೇ. ನಾವೋ ಒಂದೇ ಭಾನುವಾರದಲ್ಲಿ ಮುಗಿಸಲು ಹೊರಟಿದ್ದೆವು.

ಇವತ್ತು ಸಂಜೆ ಅವನ ಮನೆಗೆ ಹೋಗುತ್ತಿದ್ದೇನೆ. ಬರುವವರು ಆರು ಗಂಟೆಗೆ ಅಗ್ರಹಾರ ಸರ್ಕಲ್ ಹತ್ತಿರ ಸಿಗಿ. ಬುದ್ಧಿ ಹೇಳುವುದು ಬೇಡ, ಟೀ ಕುಡಿದು ಬರೋಣ.

ಭವತು ಸಬ್ಬ ಮಂಗಲಂ.