ಮಣಿಯ ಪಾಕ

ಹಸಿಯ ಗಡಿಗೆಯು ಆವಗೆಯಲ್ಲಿ ಬೆಂದು ಕೆಂಪೇರುವಾಗ ನಿಜವಾಗಿ ಬೇಯುವುದು ಗಡಿಗೆಯೋ, ಅದರ ಪರಮಾಣುಗಳೋ ಎಂಬ ಪ್ರಶ್ನೆಯನ್ನು ಹಿಡಿದು ನಮ್ಮ ತಾರ್ಕಿಕರು ಶತಮಾನಗಳ ಕಾಲ ವಾದಿಸಿದರೆಂದರೆ ಇಂದಿನ ಓದುಗನು ನಕ್ಕಾನು. ಆದರೆ ಬೇಯುವುದರಿಂದ ಹೊಸ ಗುಣ ಹುಟ್ಟುವ ಪಾಕಜೋತ್ಪತ್ತಿಯೇ ಮೊದಲಾದವುಗಳಲ್ಲಿ ಬುದ್ಧಿ ಎಡವದವನನ್ನೇ ವೈಶೇಷಿಕನೆನ್ನಬೇಕೆಂದು ಪಂಡಿತರಲ್ಲಿ ಒಂದು ಮಾತಿದೆ. ಅದು ಸುಮ್ಮನೆ ಹುಟ್ಟಿದ್ದಲ್ಲ. ವೈಶೇಷಿಕ ಭಾಷ್ಯಕಾರ ಪ್ರಶಸ್ತಪಾದರ ಪರಂಪರೆಯ, ಪರಮಾಣುವೇ (ಪೀಲು) ಬೇಯುತ್ತದೆನ್ನುವ ಪೀಲುಪಾಕವಾದಿಗಳ ಮತದಲ್ಲಿ, ಅಗ್ನಿಯ ಆಘಾತಕ್ಕೆ ಗಡಿಗೆಯು ಪರಮಾಣುಗಳವರೆಗೂ ಬಿಚ್ಚಿಹೋಗಿ, ಆ ಪರಮಾಣುಗಳಲ್ಲಿ ಶ್ಯಾಮವರ್ಣವಳಿದು ರಕ್ತವರ್ಣ ಮೂಡಿ, ಅವು ಮರಳಿ ದ್ವ್ಯಣುಕ ತ್ರ್ಯಣುಕಗಳ ಕ್ರಮದಿಂದ ಕೂಡಿ ಹೊಸದೊಂದು ಗಡಿಗೆಯಾಗುತ್ತವೆ. ಇಷ್ಟೂ ಕಣ್ಣಿಗೆ ನಿಲುಕದಷ್ಟು ಶೀಘ್ರವಾಗಿ ನಡೆಯುವುದರಿಂದ ನಾವು ಹಳೆಯ ಗಡಿಗೆಯೇ ಎಂದುಕೊಳ್ಳುತ್ತೇವೆ. ಗಡಿಗೆಯೇ (ಪಿಠರ) ಬೇಯುತ್ತದೆನ್ನುವ ಪಿಠರಪಾಕವಾದಿಗಳಾದ ನೈಯಾಯಿಕರು ಇದನ್ನೊಪ್ಪರು. ಒಂದರ ಮೇಲೊಂದು ಒಟ್ಟಿದ ಗಡಿಗೆಗಳಲ್ಲಿ ಕೆಳಗಿನದು ಚದುರಿದರೆ ಮೇಲಿನದು ಉರುಳಬೇಡವೆ? ಆವಗೆಯ ಸಂದಿಯಲ್ಲಿ ಇಣುಕಿದವನಿಗೆ ಗಡಿಗೆಯು ಗಡಿಗೆಯಾಗಿಯೇ ಕಾಣುವುದಲ್ಲವೆ? ಮಣ್ಣು ಸಚ್ಛಿದ್ರವಾದುದರಿಂದ ತೇಜಸ್ಸು ಆ ರಂಧ್ರಗಳಲ್ಲಿ ಹೊಕ್ಕು, ಅವಯವಿಯನ್ನು, ಎಂದರೆ ಇಡಿಯಾದ ಗಡಿಗೆಯನ್ನು, ಕೆಡಿಸದೆಯೇ ಒಳಹೊರಗನ್ನು ಬೇಯಿಸುತ್ತದೆ ಎಂಬುದು ಅವರ ಸಿದ್ಧಾಂತ.

ಈ ವ್ಯಾಜ್ಯಕ್ಕೆ ಗಾಜಿನ ಮಣಿಯನ್ನು ಸಾಕ್ಷಿಯಾಗಿ ಕರೆಯಬೇಕೆಂದು ನನಗೆ ತೋರುತ್ತದೆ. ಗಾಜು ನಮ್ಮ ನೆಲಕ್ಕೆ ಹೊಸದಲ್ಲ. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರ್ ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳನ್ನು ಅಗೆಸಿದಾಗ ಗಾಜಿನ ಮಣಿಗಳೂ ದೊರೆತವು. ಕುಲುಮೆಯಿಂದ ಗಾಜಿನ ಕೊಳವೆಯನ್ನು ಎಳೆದು ಚೂರುಚೂರಾಗಿ ಕತ್ತರಿಸಿ ಮಣಿ ಮಾಡುವ ಹಳೆಯ ವಿದ್ಯೆ ಆಂಧ್ರದ ಪಾಪನಾಯುಡುಪೇಟೆಯಲ್ಲಿ ನಮ್ಮ ಕಾಲದವರೆಗೂ ಉಳಿದುಬಂದಿತು. ನಾನು ಹೇಳಹೊರಟಿರುವುದು ಇನ್ನೊಂದು ಬಗೆ: ಕಾಶಿಯಲ್ಲಿ ಬಹುಜನರಿಗೆ ಜೀವನೋಪಾಯವಾಗಿರುವ, ದೀಪದ ಜ್ವಾಲೆಯ ಮುಂದೆ ಕುಳಿತು ಒಂದೊಂದಾಗಿ ಮಣಿ ಸುತ್ತುವ ಕೆಲಸ. ತರ್ಕಶಾಸ್ತ್ರದ ದೊಡ್ಡ ಕೇಂದ್ರವೊಂದರಲ್ಲಿಯೇ ತರ್ಕದ ಇಂಥ ದೃಷ್ಟಾಂತವು ಮಾರಾಟಕ್ಕಿರುವುದು ಸೋಜಿಗ.

ಉಕ್ಕಿನ ತೆಳುಕಡ್ಡಿಗೆ ಜೇಡಿಯನ್ನು ಬಳಿದು ಒಣಗಿಸಿ ಎಡಗೈಯಲ್ಲಿ ಹಿಡಿಯುವರು. ಬಲಗೈಯಲ್ಲಿ ಬಣ್ಣದ ಗಾಜುಕಡ್ಡಿ. ಅದನ್ನು ಮೊದಲು ಜ್ವಾಲೆಯ ದೂರದ ಅಂಚಿನಲ್ಲಿ ಆಡಿಸಿ ಮೆಲ್ಲಮೆಲ್ಲನೆ ಒಳತರಬೇಕು. ಆತುರಪಟ್ಟು ನಟ್ಟನಡುವೆ ಚುಚ್ಚಿದವನ ಕಡ್ಡಿ ಸಿಡಿದು ಚೂರಾಗುತ್ತದೆ. ಕಾದ ತುದಿಯು ಜೋನಿಬೆಲ್ಲದಂತೆ ಬಾಗತೊಡಗಿದಾಗ ಅದನ್ನು ಉಕ್ಕಿನ ಕಡ್ಡಿಗೆ ತಾಗಿಸಿ, ಕಡ್ಡಿಯನ್ನು ಹೊರಳಿಸುತ್ತ ಸುತ್ತಿಕೊಳ್ಳಬೇಕು. ಹೊರಳಿಸುವುದು ನಿಂತರೆ ಗಾಜು ಒಂದೇ ಕಡೆಗೆ ಜೋಲುವುದು. ಕೆಂಪಗೆ ಹೊಳೆಯುತ್ತಿದ್ದರೂ ಅದು ಯಾವ ಕ್ಷಣದಲ್ಲಿ ಘನತ್ವವನ್ನು ಬಿಟ್ಟು ದ್ರವವಾಯಿತೆಂದು ಬೆರಳಿಟ್ಟು ತೋರಿಸಲಾಗದು, ಏಕೆಂದರೆ ಮಂಜುಗಡ್ಡೆಗಿರುವಂತೆ ಗಾಜಿಗೆ ಕರಗುವ ನಿಯತ ಬಿಂದುವೇ ಇಲ್ಲ.

ಈಗ ಸಾಕ್ಷಿಯ ಹೇಳಿಕೆಯನ್ನು ಕೇಳೋಣ. ಗಾಜಿನಲ್ಲಿ ನೀರು ಒಸರದು. ಆದುದರಿಂದ ರಂಧ್ರಗಳ ಯುಕ್ತಿ ಇಲ್ಲಿ ಸಲ್ಲದು, ಆದರೂ ಕಾವು ನಡುವಿನವರೆಗೆ ಇಳಿಯುತ್ತದೆ. ಇನ್ನೊಂದು ಕಡೆ, ಬಿಸಿ ಗಾಜು ಹರಿಯುವಾಗ ಸಿಲಿಕಾನ್ ಮತ್ತು ಆಮ್ಲಜನಕದ ಬಂಧಗಳು ಅಲ್ಲಲ್ಲಿ ಕಳಚಿ ನೆರೆಯವರೊಡನೆ ಮತ್ತೆ ಬೆಸೆಯುತ್ತವೆಂದು ಆಧುನಿಕ ರಸಾಯನಶಾಸ್ತ್ರ ಹೇಳುತ್ತದೆ. ಪೀಲುಪಾಕವಾದಿಯು ಬೀಗಬಹುದಾದ ಸಂಗತಿಯಿದು. ಆದರೆ ಎಲ್ಲವೂ ಒಮ್ಮೆಗೇ ಬಿಚ್ಚುವುದಿಲ್ಲ. ಅವಯವಿಯು ಒಂದು ನಿಮಿಷವೂ ಇಲ್ಲವಾಗುವುದಿಲ್ಲ. ಇಬ್ಬರೂ ಅರ್ಧ ಗೆದ್ದು ಅರ್ಧ ಸೋತರು.

ಬದಲಾದುದನ್ನು ‘ಅದೇ’ ಎನ್ನಬಹುದೇ ಎಂಬ ಪ್ರಶ್ನೆ ಗಡಿಗೆಗೆ ಮಾತ್ರ ಸಂಬಂಧಿಸಿದ್ದಲ್ಲ. ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದಲ್ಲಿ ಸಂತಾನ ವೇಣುಗೋಪಾಲಸ್ವಾಮಿಯ ಸನ್ನಿಧಿಗೆ ಮಕ್ಕಳಿಲ್ಲದ ದಂಪತಿಗಳು ಹರಕೆ ಹೊತ್ತು ಬರುವರಷ್ಟೆ. ಹರಕೆ ಫಲಿಸಿದವರು ಮುಂಗೈಗೆ ದೃಷ್ಟಿಯ ಕರಿಮಣಿ ಕಟ್ಟಿದ ಕೂಸನ್ನೆತ್ತಿಕೊಂಡು ಬರುವರು. ನಾಲ್ಕಾರು ವರ್ಷ ಕಳೆದು ಅದೇ ಮಗುವನ್ನು ನಡೆಸಿಕೊಂಡು ಬಂದಾಗ ತಾಯಿಯು ‘ಸ್ವಾಮಿ ಕೊಟ್ಟ ಮಗ ಇವನೇ’ ಎನ್ನುವಳು. ಗಡಿಗೆಯ ವಿಷಯದಲ್ಲಿ ನೈಯಾಯಿಕನು ಎತ್ತಿಹಿಡಿದ, ‘ಅದೇ ಇದು’ ಎಂದು ಗುರುತಿಸುವ ಪ್ರತ್ಯಭಿಜ್ಞೆಯೂ ಇದೇ. ಆದರೆ ವಿಚಿತ್ರವೆಂದರೆ, ಶರೀರದ ಪ್ರಸಂಗದಲ್ಲಿ ಆತನೇ ತಾಯಿಗೆ ಎದುರಾಗಿ, ಪರಿಮಾಣವು ಬೇರೆಯಾದಲ್ಲಿ ದ್ರವ್ಯವೂ ಬೇರೆಯೆಂದೂ, ಕೂಸಿನ ದೇಹ ಬೇರೆ ಬಾಲಕನ ದೇಹ ಬೇರೆಯೆಂದೂ, ಒಂದಾಗಿ ಉಳಿದುದು ಆತ್ಮವೆಂದೂ ಸಾಧಿಸುತ್ತಾನೆ. ತಾಯಿಯು ಈ ತಿದ್ದುಪಡಿಯನ್ನು ಕೇಳಿಸಿಕೊಳ್ಳುವಳೆಂದು ನಾನು ನಂಬಲಾರೆ.

ಆತ್ಮವಿಲ್ಲದ ಗಾಜಿನಲ್ಲಿ ಉಳಿಯುವುದೇನು? ಇಲ್ಲಿ ವೈಶೇಷಿಕರ ಒಂದು ವಿಭಾಗವು ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಸಂಸ್ಕಾರವೆಂಬ ಗುಣವನ್ನು ಅವರು ವೇಗ, ಭಾವನಾ, ಸ್ಥಿತಿಸ್ಥಾಪಕ ಎಂದು ಮೂರಾಗಿ ಒಡೆದರು: ಸ್ಮೃತಿಗೆ ಕಾರಣವಾಗಿ ಆತ್ಮದಲ್ಲಿರುವುದು ಭಾವನಾ, ಬಗ್ಗಿಸಿದ ಕೊಂಬೆ ಹಿಂದಕ್ಕೆ ಚಿಮ್ಮುವುದಕ್ಕೆ ಕಾರಣವಾದುದು ಸ್ಥಿತಿಸ್ಥಾಪಕ. ನೆನಪನ್ನೂ ಕೊಂಬೆಯ ಬಿಗಿತವನ್ನೂ ಒಂದೇ ಜಾತಿಗೆ ಸೇರಿಸಿದ ಆ ಧೈರ್ಯವನ್ನು ಮಣಿಗಾರನು ಸಮರ್ಥಿಸಬಲ್ಲನು. ಸುತ್ತಿದ ಮಣಿಯನ್ನು ಗಾಳಿಗೆ ಬಿಟ್ಟರೆ ಮೇಲ್ಮೈ ಮೊದಲು ಗಟ್ಟಿಯಾಗಿ, ಒಳಗಿನ ಭಾಗವು ಆಮೇಲೆ ಕುಗ್ಗಲು ಹವಣಿಸಿ, ಒಳಗೊಂದು ಸೆಳೆತ ಉಳಿಯುತ್ತದೆ. ಅಂಥ ಮಣಿಯು ಎಷ್ಟೋ ದಿನಗಳ ಮೇಲೆ, ಯಾರೂ ಮುಟ್ಟದಿರುವಾಗಲೂ ಬಿರಿಯಬಹುದು. ಸುಮಾರು 500 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕೆಲಕಾಲ ಇರಿಸಿ ನಿಧಾನವಾಗಿ ಆರಿಸಿದ ಮಣಿಯಲ್ಲಿ ಆ ಸೆಳೆತ ಸಡಿಲುತ್ತದೆ. ಎರಡೂ ಮಣಿಗಳ ದ್ರವ್ಯವೂ ರೂಪವೂ ಒಂದೇ. ಧ್ರುವೀಕೃತ ಬೆಳಕಿನಲ್ಲಿ ಹಿಡಿದಲ್ಲದೆ ಭೇದವು ಕಣ್ಣಿಗೆ ಬೀಳದು. ಉಪಾದಾನವೊಂದೇ ಸತ್ಯ, ವಿಕಾರವು ಬರಿಯ ಹೆಸರು ಎಂಬ ಉಪನಿಷತ್ತಿನ ಮೃತ್ತಿಕೆಯ ದೃಷ್ಟಾಂತವು ಈ ಭೇದವನ್ನು ಎಲ್ಲಿಡಬೇಕೆಂದು ನನಗೆ ತಿಳಿಸದು.

ಪೀಲುಪಾಕಿಯೂ ಪಿಠರಪಾಕಿಯೂ ಬೆಂಕಿಯ ಕುರಿತು ವಾದಿಸಿದರು. ಆರುವುದರ ಕುರಿತು ಅವರು ವಾದಿಸಿದುದನ್ನು ನಾನು ಓದಿಲ್ಲ. ಕಲಿಸುವವರಲ್ಲಿಯೂ ಹೀಗೆಯೇ ಎರಡು ಪಂಗಡ. ಶಿಷ್ಯನನ್ನು ಪುಡಿಗಟ್ಟಿ ಮರಳಿ ಕಟ್ಟಬೇಕೆನ್ನುವವರು ಕೆಲವರು. ಅವನಲ್ಲಿ ರಂಧ್ರಗಳಿದ್ದೇ ಇವೆ, ಸುರಿದರೆ ಸಾಕು ಎನ್ನುವವರು ಹಲವರು. ಪಾಠವಾದ ಮೇಲಿನ ಕಾಲವನ್ನು ಇಬ್ಬರೂ ಲೆಕ್ಕಕ್ಕೆ ತಾರರು. ಮಣಿ ಕಲಿಸುವವನಿಗಾದರೋ ಅದನ್ನು ಬಿಡಲಾಗದು: ಹೊಸಬನು ತನ್ನ ಮೊದಲ ಮಣಿಯನ್ನು ಆಗಲೇ ತೆಗೆದು ನೋಡಹೋಗುವನು, ಕೈತಡೆದು ಮರುದಿನದವರೆಗೆ ಕಾಯಿಸುವುದೇ ಗುರುವಿನ ಅಂದಿನ ಕೊನೆಯ ಕರ್ತವ್ಯ.

ಪಾಠಕ್ಕೂ ಇಂಥ ಆರುವ ಕಾಲವೊಂದಿತ್ತು: ನಮ್ಮ ವೇದಪಾಠಶಾಲೆಗಳಲ್ಲಿ ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳಂದು ಅನಧ್ಯಯನ, ಎಂದರೆ ಪಾಠಕ್ಕೆ ಬಿಡುವು, ಇತ್ತು. ಗುಡುಗಿಗೂ ನಾಯಿಯ ಬೊಗಳುವಿಕೆಗೂ ಪಾಠ ನಿಲ್ಲಿಸುವ ಸ್ಮೃತಿಯು ವೇದದ ಶುಚಿತ್ವವನ್ನು ಕಾಯುತ್ತಿತ್ತೇ ಹೊರತು ಹುಡುಗನ ಬುದ್ಧಿಯನ್ನಲ್ಲವೆಂದು ಪೂರ್ವಪಕ್ಷಿಯು ಆಕ್ಷೇಪಿಸಬಹುದು. ಆ ಆಕ್ಷೇಪ ನ್ಯಾಯವಾದುದೇ. ಆದರೆ ಅಷ್ಟಮಿಯಂದು ಹೊಳೆಯಲ್ಲಿ ಈಜಾಡಿದ ಹುಡುಗನು ನವಮಿಯಂದು ಸಪ್ತಮಿಯ ಪಾಠವನ್ನು ತಡವರಿಸದೆ ಒಪ್ಪಿಸುವುದನ್ನು ಗಮನಿಸಿದ ಉಪಾಧ್ಯಾಯರು ಅಂದೂ ಇದ್ದಿರಲೇಬೇಕು. ಸ್ಮೃತಿಕಾರನು ಕೊಡದ ಕಾರಣವನ್ನು ತಾವು ಕೊಡಹೋಗದೆ, ಅವರು ನಿಯಮವನ್ನು ಮಾತ್ರ ನಡೆಸಿಕೊಂಡು ಬಂದರು.