ವೃತ್ತದ ಹೊರಗಿನ ಚರೆ

ಒಂದು ಕೋವಿಯನ್ನು ಒಳ್ಳೆಯದು ಎನ್ನುವವನು ಯಾರ ಪರವಾಗಿ ಮಾತಾಡುತ್ತಾನೆ? ತಯಾರಕರಿಂದ ಕಾಸು ಮುಟ್ಟದೆ, ಅಂಗಡಿಯವರ ಹಂಗಿಲ್ಲದೆ ಬಂದೂಕು, ತೋಟಾಗಳ ಗುಣದೋಷ ಹೇಳುವವರು ಅಮೆರಿಕದಲ್ಲಿದ್ದಾರೆ. ನಮ್ಮಲ್ಲಿ ಆ ಕಸುಬು ಬೆಳೆಯಲಿಲ್ಲ. 1980ರ ದಶಕದ ನಡುವಿನಿಂದ ಸಾಮಾನ್ಯರು ವಿದೇಶಿ ಕೋವಿ ತರಿಸುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ತಯಾರಿಕೆ, ಮಾರಾಟಗಳ ಜೊತೆಗೆ ಪರೀಕ್ಷೆಗೂ ಲೈಸೆನ್ಸ್ ಬೇಕು. ಹಾಗಾಗಿ ಮಲೆನಾಡಿನ ಮೂಡಿಗೆರೆ, ಕಳಸದ ತೋಟಗಳಲ್ಲಿ ಬೆಳೆ ರಕ್ಷಣೆಗೆಂದು ಕೋವಿ ಕೊಳ್ಳುವವರಿಗೆ ಪಕ್ಕದ ತೋಟದವರ ಮಾತೇ ವಿಮರ್ಶೆ. ಮಾರುವವರ ಹಂಗಿಲ್ಲದ ಮಾತು ಅದು, ನಿಜ. ಅಷ್ಟಕ್ಕೇ ಅದು ನಿಷ್ಪಕ್ಷಪಾತವಾಗುವುದಿಲ್ಲ ಎಂಬುದು ನನ್ನ ವಾದ.

ಚರೆಕೋವಿಯನ್ನು ಅಳೆಯುವ ಹಳೆಯ ಕ್ರಮವನ್ನೇ ನೋಡಿ. 40 ಗಜ ದೂರದಲ್ಲಿ ಕಾಗದ ಕಟ್ಟಿ, ಈಡು ಹೊಡೆದು, 30 ಅಂಗುಲದ ವೃತ್ತದೊಳಗೆ ಎಷ್ಟು ಚರೆ ಬಿದ್ದವೆಂದು ಎಣಿಸುತ್ತಾರೆ. ಬಾಯಿ ಬಿಗಿಯಾದ ನಳಿಗೆಯಿಂದ ನೂರಕ್ಕೆ ಸುಮಾರು 70 ಪಾಲು ಒಳಗೆ ಬಿದ್ದರೆ ಕೋವಿ ಚೆನ್ನಾಗಿದೆ ಎಂದು ಲೆಕ್ಕ. ಉಳಿದ 30 ಪಾಲು ಎಲ್ಲಿಗೆ ಹೋದವು ಎಂದು ಯಾರೂ ಬರೆದಿಡುವುದಿಲ್ಲ. ಬಯಲಿನ ಮೈದಾನದಲ್ಲಿ ಅದು ದೊಡ್ಡ ಮಾತಲ್ಲ. ಇಳಿಜಾರಿನ ಕಾಫಿ ತೋಟದಲ್ಲಿ, ಗಿಡಗಳ ಮರೆಯಲ್ಲಿ, ಗದ್ದೆಗೆ ಇಳಿದ ಹಂದಿಯ ಮೇಲೆ ಕತ್ತಲಲ್ಲಿ ಈಡು ಬಿಟ್ಟಾಗ ಆಚೆಗೆ ಕಾರ್ಮಿಕರ ಲೈನ್‌ಮನೆಗಳಿರಬಹುದು, ಕಾಲುದಾರಿಯಿರಬಹುದು. ವೃತ್ತದೊಳಗೆ ಬಿದ್ದ ಸಣ್ಣ ಚರೆಯೂ ಆ ದೂರದಿಂದ ಹಂದಿಯನ್ನು ಕೊಲ್ಲದೆ ಗಾಯ ಮಾತ್ರ ಮಾಡಿ ಬಿಡಬಹುದು. ನರಳುತ್ತ ಹೋದ ಹಂದಿ ಯಾವ ಅಂಕಪಟ್ಟಿಗೂ ಬರುವುದಿಲ್ಲ. ಅಂದರೆ ವೃತ್ತ ಎಳೆಯುವಾಗಲೇ ಯಾರು ಲೆಕ್ಕಕ್ಕೆ, ಯಾರು ಲೆಕ್ಕಕ್ಕಿಲ್ಲ ಎಂಬುದು ತೀರ್ಮಾನವಾಗಿರುತ್ತದೆ.

ಜೈನ ತರ್ಕ ಇದನ್ನು ಬಹಳ ಹಿಂದೆಯೇ ಗುರುತಿಸಿದೆ. ವಸ್ತುವಿಗೆ ಅನೇಕ ಮುಖಗಳಿವೆ, ಒಂದು ನಯದಿಂದ, ಅಂದರೆ ಒಂದು ದೃಷ್ಟಿಯಿಂದ, ಕಂಡದ್ದನ್ನೇ ಪೂರ್ಣಸತ್ಯವೆಂದು ಸಾರುವುದು ದುರ್ನಯ. ಹಿಡಿದವನ ಭುಜಕ್ಕೆ ಹಿತವಾದ ಕೋವಿ ಎಂಬುದು ಒಂದು ನಯ; ನಳಿಗೆಯ ಎದುರಿಗಿರುವವರದು ಇನ್ನೊಂದು. ಈ ವಿಚಾರ ಈ ಗುಡ್ಡಗಳಿಗೆ ಹೊರಗಿನದಲ್ಲ. ಕಳಸದಿಂದ ಕಾರ್ಕಳದವರೆಗೆ ಆಳಿದ ಭೈರರಸರು ಜೈನರಾಗಿದ್ದೂ ಶಿವನಾದ ಕಳಸೇಶ್ವರನಿಗೆ ನಡೆದುಕೊಂಡವರು. ಆ ಮನೆತನದ ವೀರಪಾಂಡ್ಯ 1432ರಲ್ಲಿ ಕಾರ್ಕಳದಲ್ಲಿ ನಿಲ್ಲಿಸಿದ್ದು ಗೆದ್ದ ಮೇಲೆ ಯುದ್ಧವನ್ನೇ ಬಿಟ್ಟ ಬಾಹುಬಲಿಯನ್ನು. ರಾಜ್ಯ ಆಳುವವರಿಗೆ ಕತ್ತಿ ಬಿಡಲಾಗದು, ಅಹಿಂಸೆಯನ್ನೂ ಬಿಡಲಾಗದು.

ಇಲ್ಲಿ ಕಟ್ಟುನಿಟ್ಟಿನ ಆಕ್ಷೇಪವೊಂದಿದೆ. ಜೈನಾಚಾರ್ಯ ಸಮಂತಭದ್ರರು ಗೃಹಸ್ಥರಿಗೆಂದು ಬರೆದ ರತ್ನಕರಂಡಕ ಶ್ರಾವಕಾಚಾರವು ಕೊಲೆಯ ಸಾಧನಗಳನ್ನು ಪರರಿಗೆ ಒದಗಿಸುವುದನ್ನು ಹಿಂಸಾದಾನವೆಂದು ಕರೆದು ಅನರ್ಥದಂಡಗಳಲ್ಲಿ, ಅಂದರೆ ಪ್ರಯೋಜನವಿಲ್ಲದ ಪಾಪಗಳಲ್ಲಿ, ಸೇರಿಸುತ್ತದೆ. ಹಾಗಾದರೆ ಕೋವಿಯನ್ನು ಹೊಗಳುವುದೂ ಕೊಟ್ಟಂತೆಯೇ ಅಲ್ಲವೇ? ಆದರೆ ಆ ಸಾಧನಗಳ ಪಟ್ಟಿಯಲ್ಲಿ ಕತ್ತಿಯ ಜೊತೆ ಗುದ್ದಲಿಯೂ ಇದೆ; ಗುದ್ದಲಿಯಿಲ್ಲದೆ ಯಾವ ತೋಟ? ಅಲ್ಲಿ ನಿಷೇಧದ ತಿರುಳು ನಿಷ್ಪ್ರಯೋಜನವಾಗಿ ಕೊಡುವುದು. ಗೃಹಸ್ಥ ಬಿಡಬೇಕಾದದ್ದು ಸಂಕಲ್ಪದ, ಅಂದರೆ ಬೇಕೆಂದೇ ಮಾಡುವ, ಹಿಂಸೆ. ತನ್ನನ್ನೂ ತನ್ನದನ್ನೂ ಕಾಯುವಾಗಿನ ವಿರೋಧಿ ಹಿಂಸೆಯನ್ನು ಪರಂಪರೆ ಬೇರೆಯಾಗಿ ಎಣಿಸಿದೆ. ಈ ಎರಡರ ಗಡಿ ಹಿಗ್ಗುತ್ತದೆ ಎಂಬುದನ್ನೂ ಒಪ್ಪಬೇಕು. ಬೆಳೆ ಉಳಿಸಲು ಹೊರಟ ಈಡು ಬಾಡೂಟದಲ್ಲಿ ಮುಗಿಯುವುದು ಮಲೆನಾಡಿಗೆ ಗೊತ್ತಿಲ್ಲದ್ದೇನಲ್ಲ, ಕಾನೂನು ಏನೇ ಹೇಳಲಿ. ಆದರೂ ಬಾಯಿ ಮುಚ್ಚಿಕೊಂಡರೆ ಹಿಂಸೆ ತಗ್ಗುವುದಿಲ್ಲ. ಕಳ್ಳತನದಲ್ಲಿ ಮಾಡಿಸಿದ ನಾಡಕೋವಿಯ ನಳಿಗೆ ಸಿಡಿದರೆ ಹೋಗುವುದು ಹಿಡಿದವನದೇ ಕೈ. ಆ ಅಪಾಯವನ್ನು ನಿರ್ದಾಕ್ಷಿಣ್ಯವಾಗಿ ಹೇಳುವುದು ಹಿಂಸಾದಾನವಾಗಲಾರದು. ಕೊಲ್ಲುವ ಚಪಲ ಕೆರಳಿಸುವ ವರ್ಣನೆ ಖಂಡಿತ ಅನರ್ಥದಂಡವೇ.

ಇನ್ನೊಬ್ಬರು ಕೇಳಬಹುದು: ವಿಮರ್ಶಕನೇನು ಗುರುವೇ? ಕೊಳ್ಳುವವನಿಗೆ ಬೇಕಾದ್ದು ಹೇಳಿದರೆ ಸಾಲದೇ? ಕೊಳ್ಳುವವನಿಗೆ ಏನು ಬೇಕು ಎಂಬುದೇ ಇಲ್ಲಿ ಬೇರೆ. ಮೂಡಿಗೆರೆಯ ಸುತ್ತ ಜನರ ಜೀವಕ್ಕೆ ದೊಡ್ಡ ಭಯ ಆನೆಯದು. ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಅದು, ಮೇಲಾಗಿ ಚರೆ ತಾಗಿದ ಆನೆ ಇನ್ನಷ್ಟು ಅಪಾಯಕಾರಿ. ಆನೆ ಬಂದ ರಾತ್ರಿ ಬೆಳೆಗಾರನಿಗೆ ಕೋವಿಯಿಂದ ಬೇಕಾದದ್ದು ಹೆಚ್ಚೆಂದರೆ ಆಕಾಶಕ್ಕೆ ಬಿಟ್ಟ ಒಂದು ಸದ್ದು, ಅದೂ ತೋಟಾ ಠುಸ್ಸೆನ್ನದೆ ಬರಬೇಕು. ಅದಕ್ಕೆ ಗುರಿಯೂ ಬೇಡ, 40 ಗಜದ ಕಾಗದವೂ ಬೇಡ.