ಪಾಲಿಸಾರ್ಬೇಟಿನ ಪೂರ್ವಾಶ್ರಯ

ಪಾಲಿಸಾರ್ಬೇಟ್ ಕಾರ್ಖಾನೆಯಲ್ಲಿ ತಯಾರಾಗುವ ದ್ರವ್ಯ. ಎಣ್ಣೆಯನ್ನೂ ನೀರನ್ನೂ ಬೇರಾಗಗೊಡದೆ ಹಿಡಿದಿಡುವುದು, ಚರ್ಮದ ಮೇಲಿನ ಜಿಡ್ಡನ್ನು ನೀರಿನೊಡನೆ ಸಾಗಹಾಕುವುದು ಅದರ ಕೆಲಸ. ಮುಖದ ಕ್ರೀಮು, ಮೈಗೆ ಹಚ್ಚುವ ಲೋಷನ್, ಮೇಕಪ್ ತೆಗೆಯುವ ದ್ರವ, ಇವುಗಳ ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅದರ ಹೆಸರಿರುತ್ತದೆ. ಐಸ್‌ಕ್ರೀಮಿನಲ್ಲಿ ಬಳಸಿದಾಗ ಅದೇ ವಸ್ತು ಐಎನ್‌ಎಸ್ 433 ಅಥವಾ 435 ಎಂಬ ಸಂಖ್ಯೆಯಾಗುತ್ತದೆ. ಮೆಕ್ಕೆಜೋಳದಂಥ ಧಾನ್ಯದ ಪಿಷ್ಟದಿಂದ ಸಾರ್ಬಿಟಾಲ್ ಬರುತ್ತದೆ. ಅದಕ್ಕೆ ಕೊಬ್ಬಿನಿಂದ ಬೇರ್ಪಡಿಸಿದ ಆಮ್ಲವನ್ನು ಕೂಡಿಸಿ, ಪೆಟ್ರೋಲಿಯಂ ಮೂಲದ ಎಥಿಲೀನ್ ಆಕ್ಸೈಡಿನ ಸುಮಾರು 20 ಘಟಕಗಳನ್ನು ಜೋಡಿಸುತ್ತಾರೆ. ಹೀಗೆ ಹುಟ್ಟಿದ ಅಣುವಿನ ಒಂದು ಭಾಗಕ್ಕೆ ನೀರು ಒಗ್ಗುತ್ತದೆ, ಇನ್ನೊಂದಕ್ಕೆ ಎಣ್ಣೆ. ಹೆಸರಿನ ಮುಂದಿರುವ ಅಂಕಿ ಕೊಬ್ಬಿನ ಆಮ್ಲ ಯಾವುದೆಂದು ತಿಳಿಸುತ್ತದೆ: 20 ಎಂದರೆ ಲಾರಿಕ್, 40 ಪಾಮಿಟಿಕ್, 60 ಸ್ಟಿಯರಿಕ್, 80 ಓಲಿಯಿಕ್.

ಧರ್ಮದ ಪ್ರಶ್ನೆ ಏಳುವುದು ಈ ಆಮ್ಲದ ಬಳಿ. ಸ್ಟಿಯರಿಕ್, ಓಲಿಯಿಕ್ ಆಮ್ಲಗಳನ್ನು ತಾಳೆ ಎಣ್ಣೆಯಿಂದ ತೆಗೆಯಬಹುದು, ದನ ಕುರಿಗಳ ಕೊಬ್ಬಿನಿಂದಲೂ ತೆಗೆಯಬಹುದು. ಡಬ್ಬಿಯ ಮೇಲಿನ ಹೆಸರು ಅದನ್ನು ಹೇಳುವುದಿಲ್ಲ. ಮಲೆನಾಡಿನ ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ಕಾಫಿ ಕುಯ್ಲು ನಡೆಯುವ ಚಳಿಗಾಲದಲ್ಲಿ ಒಣಗಾಳಿಗೆ ಕೈಕಾಲು ಒಡೆಯುತ್ತವೆ. ಕೂಲಿ ಲೈನಿನಲ್ಲೂ ತೋಟದ ಮನೆಯಲ್ಲೂ ಇಂಥ ಕ್ರೀಮು ಹಚ್ಚುವವರಿದ್ದಾರೆ. ಮಾಂಸ ಮುಟ್ಟದ ಲಿಂಗಾಯತರು, ಜೈನರು, ಬ್ರಾಹ್ಮಣರು ಇಲ್ಲಿದ್ದಾರೆ. ಹಲಾಲ್ ನೋಡಿ ಕೊಳ್ಳುವ ಮುಸ್ಲಿಮರೂ ಇದ್ದಾರೆ. ಹಲವು ಬಾರಿ ಕಾದು, ಒಡೆದು, ಕೂಡಿ, ಗುರುತೇ ಸಿಗದಂತೆ ಬದಲಾದ ಮೇಲೂ ಒಂದು ವಸ್ತು ತನ್ನ ಹುಟ್ಟನ್ನು ಹೊತ್ತಿರುತ್ತದೆಯೇ ಎಂಬುದು ಇವರೆಲ್ಲರಿಗೂ ಸಮಾನವಾದ ಪ್ರಶ್ನೆ.

ರಸಾಯನಶಾಸ್ತ್ರದ ಉತ್ತರ ಸರಳ. ಶುದ್ಧೀಕರಿಸಿದ ಸ್ಟಿಯರಿಕ್ ಆಮ್ಲದ ಅಣು ತಾಳೆಯಿಂದ ಬಂದರೂ ದನದಿಂದ ಬಂದರೂ ರಚನೆಯಲ್ಲಿ ಒಂದೇ. ಜೊತೆಗೆ ಉಳಿದ ಕಲಬೆರಕೆ ಅಂಶಗಳಿಂದಲೋ ಇಂಗಾಲದ ಸಮಸ್ಥಾನಿಗಳ ಪ್ರಮಾಣದಿಂದಲೋ ಮೂಲವನ್ನು ಊಹಿಸಬಹುದು, ಚರ್ಮಕ್ಕೆ ಮಾತ್ರ ಆ ವ್ಯತ್ಯಾಸ ತಿಳಿಯದು. ಸಹಜ, ಕೃತಕ ಎಂಬ ಭೇದವೂ ಇಲ್ಲಿ ಹೆಚ್ಚು ದೂರ ಸಾಗುವುದಿಲ್ಲ. ಮಲೆನಾಡಿನ ಅಂಟುವಾಳ, ಸೀಗೆಕಾಯಿಗಳಲ್ಲಿ ನೊರೆ ಬರಿಸುವ ಸಪೋನಿನ್ ಕೂಡ ಇಂಥದೇ ಎರಡು ಮುಖದ ಅಣು: ಸಕ್ಕರೆಯ ಭಾಗ ನೀರಿನ ಕಡೆಗೆ, ಉಳಿದದ್ದು ಜಿಡ್ಡಿನ ಕಡೆಗೆ. ಗಿಡದ್ದೆಂದ ಮಾತ್ರಕ್ಕೆ ಅದು ಸಾಧುವೂ ಅಲ್ಲ. ಸಪೋನಿನ್ ಇರುವ ಕಾರೆಕಾಯಿಯನ್ನು ಜಜ್ಜಿ ನೀರಿಗೆ ಹಾಕಿ ಮೀನು ಹಿಡಿಯುವ ಪದ್ಧತಿ ಹಳೆಯದು.

ದರ್ಶನಗಳು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿಕೊಂಡಿದ್ದವು. ಸಾಂಖ್ಯರ ಪ್ರಕಾರ ಕಾರ್ಯವು ಕಾರಣದಲ್ಲಿ ಮೊದಲೇ ಇರುತ್ತದೆ. ಎಳ್ಳಿನಲ್ಲಿ ಇದ್ದದ್ದರಿಂದಲೇ ಎಣ್ಣೆ ಬರುತ್ತದೆ, ಮರಳಿನಿಂದ ಬರುವುದಿಲ್ಲ. ಹಾಗಾದರೆ ಕೊಬ್ಬು ಕ್ರೀಮಿನಲ್ಲಿ ರೂಪ ಬದಲಿಸಿ ಮುಂದುವರಿದಿದೆ. ನ್ಯಾಯ ವೈಶೇಷಿಕರು ಕಾರ್ಯವನ್ನು ಹೊಸ ಹುಟ್ಟೆಂದು ಬಗೆಯುತ್ತಾರೆ. ಅವರಿಗೆ ಪಾಲಿಸಾರ್ಬೇಟ್ ಹಿಂದೆ ಇಲ್ಲದಿದ್ದ ವಸ್ತು. ಜೈನರು ಎರಡನ್ನೂ ಒಪ್ಪುತ್ತಾರೆ: ಉಮಾಸ್ವಾತಿಯ ತತ್ತ್ವಾರ್ಥಸೂತ್ರದಲ್ಲಿ ಸತ್ತಿನ ಲಕ್ಷಣವೇ ಉತ್ಪತ್ತಿ, ನಾಶ, ಸ್ಥಿರತೆಗಳು ಒಟ್ಟಿಗಿರುವುದು. ಪರ್ಯಾಯ, ಅಂದರೆ ವಸ್ತು ತಳೆದ ರೂಪ, ಅಳಿಯುತ್ತದೆ, ದ್ರವ್ಯ ಉಳಿಯುತ್ತದೆ. ಮೂರರಲ್ಲಿ ಈ ಸಂಗತಿಗೆ ಹೆಚ್ಚು ಹೊಂದುವುದು ಜೈನರ ನೋಟವೇ. ಕೊಬ್ಬು ಅಳಿದದ್ದೂ ನಿಜ, ಅದರ ಇಂಗಾಲದ ಸರಪಳಿ ಉಳಿದದ್ದೂ ನಿಜ.

ಕನ್ನಡದ ಶರಣರು ಈ ವಿಚಾರವನ್ನು ಇನ್ನೊಂದು ದಿಕ್ಕಿಗೆ ಒಯ್ದರು. ಅವರ ಷಟ್‌ಸ್ಥಲ ಚಿಂತನೆಯಲ್ಲಿ ಪದಾರ್ಥಕ್ಕೆ ಪೂರ್ವಾಶ್ರಯ, ಅಂದರೆ ಹಿಂದಿನ ನೆಲೆ, ಇದೆ. ಅದನ್ನು ಕಳೆದು ಲಿಂಗಕ್ಕೆ ಅರ್ಪಿಸಿದಾಗ ಪದಾರ್ಥ ಪ್ರಸಾದವಾಗುತ್ತದೆ. ಮನುಷ್ಯನಿಗೂ ಇದೇ ಮಾತು ಸಲ್ಲುತ್ತದೆ. ದೀಕ್ಷೆ ಪಡೆದವನ ಹಿಂದಿನ ಕುಲವನ್ನು ಕೇಳಬಾರದು. ಜಾತಿಸೂತಕ, ಜನನಸೂತಕಗಳು ಅವನಿಗಿಲ್ಲ. ಹುಟ್ಟು ಅಂಟಿಕೊಂಡೇ ಇರುತ್ತದೆಂಬ ನಂಬಿಕೆಯನ್ನು ಇಷ್ಟು ನೇರವಾಗಿ ಎದುರಿಸಿದ ಚಿಂತನೆ ವಿರಳ, ಅದರ ಬೆಲೆ ಇಂದಿಗೂ ಕಡಿಮೆಯಾಗಿಲ್ಲ. ಹಾಗೆಂದು ಕಾರ್ಖಾನೆಯ ಕಾಯಿಸುವಿಕೆಯೇ ಪೂರ್ವಾಶ್ರಯವನ್ನು ಕಳೆಯಿತೆಂದು ವಾದಿಸಿದರೆ ತಪ್ಪಾಗುತ್ತದೆ. ಶರಣರಲ್ಲಿ ಅದನ್ನು ಕಳೆಯುವುದು ಗುರುಕರುಣೆ ಮತ್ತು ಅರ್ಪಣೆ. ಅರ್ಪಿಸಲು ಏನು ತಕ್ಕದ್ದು ಎಂಬ ವಿವೇಕ ಅದಕ್ಕೂ ಮೊದಲು ಬರುತ್ತದೆ, ದಯೆಯನ್ನು ಧರ್ಮದ ಮೂಲವೆಂದು ಕಂಡವರಿಗೆ ಕೊಂದು ತಂದದ್ದು ಅರ್ಪಣೆಗೆ ತಕ್ಕದ್ದಾಗಲಾರದು.

ಇಸ್ಲಾಮಿನ ಧರ್ಮಶಾಸ್ತ್ರದಲ್ಲಿ ಇದೇ ಚರ್ಚೆಗೆ ಇಸ್ತಿಹಾಲಾ ಎಂಬ ಹೆಸರಿದೆ. ಉಪ್ಪಿನ ಗಣಿಯಲ್ಲಿ ಬಿದ್ದು ಸತ್ತ ಕತ್ತೆ ಕಾಲಾಂತರದಲ್ಲಿ ಉಪ್ಪೇ ಆಗಿಬಿಟ್ಟರೆ ಆ ಉಪ್ಪು ಶುದ್ಧ ಎಂಬುದು ಹನಫಿ ಪಂಥದಲ್ಲಿ ಮಾನ್ಯವಾದ ಅಭಿಪ್ರಾಯ. ಅಶುದ್ಧ ಎಣ್ಣೆಯಿಂದ ಮಾಡಿದ ಸೋಪನ್ನೂ ಅವರು ಇದೇ ತರ್ಕದಿಂದ ಒಪ್ಪುತ್ತಾರೆ. ಶಾಫಿ ಪಂಥ ಬಿಗಿಯಾದದ್ದು. ಮದ್ಯ ತಾನಾಗಿ ಹುಳಿಯಾಗುವುದು, ತೊಗಲನ್ನು ಹದ ಮಾಡುವುದು ಮೊದಲಾದ ಕೆಲವನ್ನು ಬಿಟ್ಟರೆ ರೂಪಾಂತರದಿಂದ ಶುದ್ಧಿಯಾಗುತ್ತದೆಂದು ಅದು ಒಪ್ಪದು. ಸಕಲೇಶಪುರದ ಪೇಟೆಯಲ್ಲಿ ಉರ್ದು ಮಾತನಾಡುವ ಮನೆಗಳು ಹೆಚ್ಚಾಗಿ ಹನಫಿ, ಘಟ್ಟ ಹತ್ತಿ ಬಂದ ಬ್ಯಾರಿಗಳು ಶಾಫಿ. ಒಂದೇ ಡಬ್ಬಿಗೆ ಅಕ್ಕಪಕ್ಕದ ಎರಡು ಮನೆಗಳಲ್ಲಿ ಬೇರೆ ಬೇರೆ ತೀರ್ಪು ಬರಬಹುದು, ಎರಡಕ್ಕೂ ಶಾಸ್ತ್ರದ ಆಧಾರವಿದೆ.

ಮಡಿಯ ಲೆಕ್ಕ ಇವೆಲ್ಲಕ್ಕಿಂತ ಬೇರೆ. ಗೂಡಿನೊಳಗಿನ ಹುಳುವನ್ನು ಬಿಸಿನೀರಿನಲ್ಲಿ ಕೊಂದು ಎಳೆದ ರೇಷ್ಮೆ ಬ್ರಾಹ್ಮಣರ ಮನೆಗಳಲ್ಲಿ ಮಡಿಬಟ್ಟೆ. ಒಗೆದ ಹತ್ತಿಬಟ್ಟೆ ಯಾರಾದರೂ ಮುಟ್ಟಿದರೆ ಮೈಲಿಗೆ. ಕಸ್ತೂರಿ, ಶಂಖ, ಕೃಷ್ಣಾಜಿನ ಎಲ್ಲವೂ ಪ್ರಾಣಿಯಿಂದ ಬಂದವು, ಎಲ್ಲವೂ ಪೂಜೆಯಲ್ಲಿವೆ. ಇದರಿಂದ ತಿಳಿಯುವುದು ಇಷ್ಟು: ಮಡಿ ಎಂಬುದು ಹಿಂಸೆಯನ್ನು ಅಳೆಯುವ ಕೋಲಲ್ಲ. ಕ್ರೀಮಿನಲ್ಲಿ ಪ್ರಾಣಿಯ ಅಂಶವಿದೆಯೇ ಎಂದು ಕೇಳುವವರಲ್ಲಿ ಬಹುಪಾಲು ಜನ ಮೈಲಿಗೆಯ ಅಂಜಿಕೆಯನ್ನೂ ಕೊಲೆಯ ಅಳುಕನ್ನೂ ಬೆರೆಸಿ ಕೇಳುತ್ತಾರೆ. ಎರಡನ್ನೂ ಬಿಡಿಸಿ ನೋಡದೆ ಉತ್ತರ ಸಿಗದು.

ಕೊಲೆಯ ಅಳುಕಿಗೆ ಅಣುವಿನ ರಚನೆಯಲ್ಲಿ ಸಮಾಧಾನವಿಲ್ಲ. ಜೈನ ನೀತಿಯಲ್ಲಿ ಕೃತ, ಕಾರಿತ, ಅನುಮೋದಿತ, ಅಂದರೆ ತಾನು ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು, ಮೂರೂ ಹಿಂಸೆಯ ಬಾಗಿಲುಗಳು. ವಸ್ತುವಿನಲ್ಲಿ ಪ್ರಾಣಿಯ ಕುರುಹು ಉಳಿದಿದೆಯೇ ಎಂಬುದಕ್ಕಿಂತ ಕೊಳ್ಳುವವನು ಆ ಕೊಲೆಯಲ್ಲಿ ಪಾಲುಗಾರನೇ ಎಂಬುದು ಇಲ್ಲಿ ಮುಖ್ಯ. ಕೊಬ್ಬು ಮಾಂಸದ ಉಪೋತ್ಪನ್ನ, ಕ್ರೀಮಿಗಾಗಿ ಯಾರೂ ದನ ಕಡಿಯುವುದಿಲ್ಲ ಎಂಬ ವಾದಕ್ಕೆ ತೂಕವಿದೆ. ಉಪೋತ್ಪನ್ನಕ್ಕೆ ಸಿಗುವ ಹಣವೂ ಕಸಾಯಿಖಾನೆಯ ಗಳಿಕೆಯೇ ಎಂಬುದಕ್ಕೂ ಅಷ್ಟೇ ತೂಕವಿದೆ.

ಈ ಅಳತೆಯನ್ನು ಹಿಡಿದರೆ ತಾಳೆ ಎಣ್ಣೆಯೂ ಪಾರಾಗುವುದಿಲ್ಲ. ಇಂಡೋನೇಷ್ಯಾ, ಮಲೇಷ್ಯಾಗಳಲ್ಲಿ ತಾಳೆ ತೋಟಕ್ಕಾಗಿ ಮಳೆಕಾಡು ಕಡಿದದ್ದರಿಂದ ಒರಾಂಗುಟಾನ್, ಆನೆಗಳು ನೆಲೆ ಕಳೆದುಕೊಂಡಿವೆ. ಕಾಡು ಒಡೆದು ಚೂರಾದರೆ ಏನಾಗುತ್ತದೆಂದು ಆಲೂರು, ಸಕಲೇಶಪುರದವರಿಗೆ ಬಿಡಿಸಿ ಹೇಳಬೇಕಿಲ್ಲ. ತೋಟದೊಳಗೆ ಆನೆ, ಆನೆಗೆ ಸಿಕ್ಕಿ ಸತ್ತ ಕೂಲಿಗಳು, ಹಿಡಿದು ಸಾಗಿಸಿದ ಆನೆಗಳು ಇಲ್ಲಿನ ಬದುಕಿನ ಭಾಗವಾಗಿವೆ. ಕರ್ನಾಟಕ ಆನೆ ಕಾರ್ಯಪಡೆಯ 2012ರ ವರದಿಯಲ್ಲಿ ಆಲೂರು ಸೀಮೆಯಿಂದ ಆನೆಗಳನ್ನು ಹಿಡಿದು ಸಾಗಿಸುವ ಸಲಹೆಯಿತ್ತು. ಸಸ್ಯಮೂಲದ್ದೆಂದು ಹಚ್ಚಿಕೊಂಡ ಕ್ರೀಮಿನ ಹಿಂದೆ ಬೇರೊಂದು ಕಾಡಿನ ಇದೇ ಕಥೆ ಇರಬಹುದು. ಅಹಿಂಸೆಯ ಮಾತಾಡುವ ಯಾವ ಸಂಪ್ರದಾಯವೂ ಇದನ್ನು ಕೈಬಿಡುವಂತಿಲ್ಲ.

ಕಾನೂನಿನ ಕಣ್ಣು ಇಷ್ಟು ದೂರ ಹೋಗುವುದಿಲ್ಲ. 2014ರಲ್ಲಿ ಕೇಂದ್ರ ಸರಕಾರ ನಿಯಮ ತಿದ್ದಿ ಸೋಪು, ಶಾಂಪೂ, ಟೂತ್‌ಪೇಸ್ಟ್ ಮತ್ತಿತರ ಪ್ರಸಾಧನಗಳಿಗೆ ಸಸ್ಯಮೂಲವಾದರೆ ಹಸಿರು ಚುಕ್ಕೆ, ಅಲ್ಲವಾದರೆ ಕೆಂಪು ಅಥವಾ ಕಂದು ಚುಕ್ಕೆ ಎಂದಿತು. ಆಹಾರದ ವಿಷಯದಲ್ಲಿ ದೆಹಲಿ ಹೈಕೋರ್ಟ್ 2021ರ ಡಿಸೆಂಬರಿನಲ್ಲಿ ಇನ್ನೂ ಖಚಿತವಾಗಿ ಮಾತನಾಡಿತು: ಸಂಖ್ಯೆ ಬರೆದರೆ ಸಾಲದು, ಆ ಘಟಕ ಗಿಡದ್ದೋ ಪ್ರಾಣಿಯದ್ದೋ ಪ್ರಯೋಗಾಲಯದ್ದೋ ಎಂದು ತಿಳಿಸಬೇಕು, ಪ್ರಮಾಣ ಎಷ್ಟೇ ಕಡಿಮೆಯಿರಲಿ. ಹಲಾಲ್ ಪ್ರಮಾಣಪತ್ರ ಬೇರೆ. ತಾಳೆ ಎಣ್ಣೆಯ ಕಾಡಿನ ವಿಚಾರಕ್ಕೆ 2004ರಲ್ಲಿ ಸ್ಥಾಪನೆಯಾದ ಆರ್‌ಎಸ್‌ಪಿಓ ಎಂಬ ಸಂಸ್ಥೆಯ ಪ್ರಮಾಣಪತ್ರ ಮತ್ತೂ ಬೇರೆ. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಗ್ರಾಹಕರ ದೂರಿಗಾಗಿ ಫೋನ್ ನಂಬರು, ವಿಳಾಸ ಪೊಟ್ಟಣದ ಮೇಲೆ ಇರಲೇಬೇಕೆಂಬ ನಿಯಮವಿದೆ. ಪಾಲಿಸಾರ್ಬೇಟಿನ ಕೊಬ್ಬಿನ ಆಮ್ಲ ಯಾವುದರಿಂದ ಬಂತು, ತಾಳೆಯದಾದರೆ ಯಾವ ನೆಲದ್ದು ಎಂದು ಅಲ್ಲಿಗೆ ಬರೆದು ಕೇಳಬಹುದು. ತಯಾರಕರ ಬಳಿ ಕಚ್ಚಾವಸ್ತು ಪೂರೈಸಿದವರ ದಾಖಲೆ ಇರುತ್ತದೆ.